ತೂಕ ಬದಲಾದರೆ ಹೇಳು

ಮೂರನೆಯ ಸಲ ಕರೆಂಟು ಹೋಗಿ ಬಂತು.
ಅಂಟಾನನರಿವೊ, ಗುಡ್ಡದ ಮೇಲಿನ ಆಫೀಸು.
ಲಾಂತೊ ತಳಹಿಡಿದ ಅನ್ನದ ಪಾತ್ರೆಗೆ
ನೀರು ಹೊಯ್ದು ಕುದಿಸುತ್ತಿದ್ದಾನೆ,
ಊಟದ ಮೇಲೆ ನಾವು ಕುಡಿಯುವುದು ಅದನ್ನೇ.
ಕೋಣೆ ತುಂಬ ಸೀದ ವಾಸನೆ.
ಪರದೆಯ ಮೇಲೆ ಏನೂ ಸೀದಿಲ್ಲ.
ಅದೇ ತೊಂದರೆ.

ಒಂದು ಕೆಂಪು ಸಾಲಾದರೂ ಇದ್ದಿದ್ದರೆ!
ಅಳುವ ಕೂಸಾದರೆ ಕತ್ತಲಲ್ಲೂ ಕೈಗೆ ಸಿಗುತ್ತದೆ.
ಇದು ಸುಮ್ಮನಿದೆ,
ಎಲ್ಲ ಸರಿಯಿದೆ ಎಂಬ ಮುಖ ಮಾಡಿಕೊಂಡು.

ನಾನೇ ಬರೆದ ಲಿಸನರ್, ಮೂವತ್ತೆಂಟು ಸಾಲು ಪಿಎಚ್‌ಪಿ.
ಒಂದೇ ಕೆಲಸ ಹೇಳಿದ್ದೆ ಅದಕ್ಕೆ:
ಸಂಬಾವದ ಗೋದಾಮಿನಲ್ಲಿ
ವೆನಿಲಾ ಕಟ್ಟಿನ ತೂಕ ಬದಲಾದರೆ
ಹಿಂದೆ ಎಷ್ಟಿತ್ತು, ಈಗ ಎಷ್ಟು, ಯಾರು, ಯಾವಾಗ,
ಬರೆದಿಡು.
ಹೊಸ್ತಿಲಲ್ಲಿ ಕೂತ ಮುದುಕಿಯ ಹಾಗೆ
ಹೋದವರನ್ನು ಬಂದವರನ್ನು ಎಣಿಸುತ್ತಿರು, ಸಾಕು.

ಮಾರ್ಚಿನಿಂದ ಒಂದಕ್ಷರ ಬರೆದಿಲ್ಲ.

ನೋಂದಣಿಯ ಕಡತ ತೆರೆದೆ,
ಒಂದು ಸ್ಪೇಸ್ ಹೆಚ್ಚಾದರೆ
ಮಗ ಅಳಿಯನಾಗುವ, ಅಳಿಯ ಯಾರೋ ಆಗುವ ಕಡತ;
ಬೆರಳಿಟ್ಟು ಓದಿದೆ. ಹೆಸರು ಸರಿ. ಜಾಗ ಸರಿ.
ಕ್ಯಾಶ್ ತೊಳೆದೆ. ಮತ್ತೆ ತೊಳೆದೆ.
ಲಾಂತೊ ಅಂದ: 'ನೀನು ಕ್ಯಾಶ್ ತೊಳೆಯೋದು
ಭಾನುವಾರ ಚರ್ಚಿನಲ್ಲಿ ಪಾಪ ತೊಳೆದ ಹಾಗೆ,
ಸೋಮವಾರಕ್ಕೆ ಮತ್ತೆ ಅಷ್ಟೇ.'

ಫಾರ್ಮ್ ತೆರೆದು ನಾನೇ ಒಂದು ಕಟ್ಟಿನ ತೂಕ ತಿದ್ದಿದೆ,
ಹನ್ನೆರಡು ಕಿಲೋ ಹನ್ನೊಂದಾಯಿತು.
ಬರೆಯಿತು!
ತಕ್ಷಣ, ಗಂಟೆ ನಿಮಿಷ ಸೆಕೆಂಡು ಸಮೇತ.
ಕಿವುಡಲ್ಲ ಹಾಗಾದರೆ.
ಗೋಡೆಗೂ ಕಿವಿ ಅನ್ನುತ್ತಾರಲ್ಲ,
ಇಲ್ಲಿ ಕಿವಿಗೇ ಎಲ್ಲೋ ಗೋಡೆ.

ಸಿಕ್ಕಿದ್ದು ಮಧ್ಯರಾತ್ರಿಯ ಮೇಲೆ.
ಕೆಲಸ ಬಿಟ್ಟು ರೆಯೂನಿಯನ್ ದ್ವೀಪಕ್ಕೆ ಹೋದ ಫನೀರಿ
ಹೋಗುವ ಮುನ್ನ ಒಂದು ಉಪಕಾರ ಮಾಡಿದ್ದ:
ರಾತ್ರಿ ಎರಡಕ್ಕೆ ಏಳುವ ಸ್ಕ್ರಿಪ್ಟ್.
ಒಣಗುವ ಕಾಯಿ ದಿನದಿನ ಹಗುರಾಗುತ್ತದೆ,
ಅದರ ಅಂದಾಜು ಹಾಕಿ ತೂಕ ಇಳಿಸುವುದು.
ಒಂಬತ್ತು ಸಾವಿರ ಕಟ್ಟುಗಳನ್ನು
ಒಂದೊಂದಾಗಿ ಎಬ್ಬಿಸಿ, ಎಂಟಿಟಿಯ ಅಂಗಿ ತೊಡಿಸಿ,
ಮಾತಾಡಿಸಿ, ಮತ್ತೆ ಮಲಗಿಸುವ ತಾಳ್ಮೆ ಯಾರಿಗಿದೆ?
ಒಂದೇ ಕ್ವೆರಿ, ನೇರ ಟೇಬಲ್ಲಿಗೆ.
ನಾಲ್ಕು ಸೆಕೆಂಡು.
ಮುದುಕಿ ಹೊಸ್ತಿಲಲ್ಲಿ ಕೂತೇ ಇದ್ದಾಳೆ, ಕಣ್ಣು ಬಿಟ್ಟುಕೊಂಡು;
ತೂಕ ಹಿತ್ತಿಲ ಗೋಡೆ ಹಾರಿದೆ.
ಪಕ್ಕದಲ್ಲೇ ಅವನ ಟಿಪ್ಪಣಿ: 'ಈಗ ಎಷ್ಟು ಬೇಗ!'

ತಿದ್ದುವ ಅವಸರದಲ್ಲಿ
ಕೇಳುವವಳ ಒಳಗೇ ಒಂದು ಫ್ಲಷ್ ಇಟ್ಟೆ.
ಬರೆಯಿತು. ಬರೆದದ್ದು ಕೇಳಿಸಿತು. ಬರೆಯಿತು.
ಬರೆದೆನೆಂದು ಬರೆದೆನೆಂದು ಬರೆದೆನೆಂದು
ತನ್ನ ಕೂಗಿಗೆ ತಾನೇ ಓಗೊಡುತ್ತ
ಬಾವಿಗೆ ಜಾರಿದ ಕೊಡದಂತೆ ಗುಳುಗುಳು
ಮೆಮೊರಿ ತುಂಬಿ ತಳ ಸೇರಿತು.
ಕೊನೆಗೂ ಕೆಂಪು ಸಾಲು!
ಲಾಂತೊ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಸ್ಕ್ರಿಪ್ಟನ್ನೇ ಒಡೆದು ಕಟ್ಟಿದೆ ಆಮೇಲೆ:
ಇನ್ನೂರಿನ್ನೂರರ ಗುಂಪು, ಬಾಗಿಲಿನ ಮೂಲಕವೇ, ಸಾಲಾಗಿ.
ನಾಲ್ಕು ಸೆಕೆಂಡಿನದು ಈಗ ಹನ್ನೊಂದು ನಿಮಿಷ.
ಆಗಲಿ.

ಟಿಕೆಟ್ ಮುಚ್ಚಲು ಹೋದಾಗ
ಕೆಳಗೆ ಹಳೆಯ ಪತ್ರಗಳು ಉದುರಿದವು.
ಸೋವಜಾರ, ಗೋದಾಮಿನ ತಕ್ಕಡಿಯವಳು, ಏಪ್ರಿಲ್ ನಾಲ್ಕು:
'ತಕ್ಕಡಿ ಒಂದು ಹೇಳುತ್ತೆ, ನಿಮ್ಮ ಪರದೆ ಇನ್ನೊಂದು.'
ಏಪ್ರಿಲ್ ಹತ್ತೊಂಬತ್ತು: ಅದೇ ಮಾತು, ಕಟ್ಟಿನ ನಂಬರು ಸಮೇತ.
ಮೇ ಎರಡು: 'ಯಾರಾದರೂ ನೋಡ್ತೀರಾ?'
ಪ್ರತಿ ಪತ್ರದ ಕೆಳಗೂ ನನ್ನ ಹೆಸರು,
ನನ್ನ ಸಭ್ಯ ಫ್ರೆಂಚು:
ಲಾಗ್‌ನಲ್ಲಿ ಯಾವ ಬದಲಾವಣೆಯೂ ದಾಖಲಾಗಿಲ್ಲ,
ದಯವಿಟ್ಟು ನಿಮ್ಮ ತಕ್ಕಡಿ ಪರೀಕ್ಷಿಸಿ.

ಬೆಳಗಾಗುವುದನ್ನೇ ಕಾದು ಫೋನು ಮಾಡಿದೆ.
ಆ ಕಡೆ ಸಮುದ್ರದ ಗಾಳಿ, ಕೋಳಿ, ಅರ್ಧರ್ಧ ಮಾತು.
ತಪ್ಪು ನಮ್ಮದೇ ಎಂದೆ,
ಈವೆಂಟು, ಕ್ವೆರಿ, ಲಿಸನರು, ಏನೇನೋ ಹೇಳಿದೆ.
ಪೂರ್ತಿ ಕೇಳಿದಳು, ನಡುವೆ ಬಾಯಿ ಹಾಕದೆ.
ಆಮೇಲೆ ಕೇಳಿದಳು:
'ನೀವು ಹೇಳಿದಿರಿ ಅಂತ
ಹೊಸ ತೂಕದ ಕಲ್ಲು ತರಿಸಿದೆನಲ್ಲ,
ಅರವತ್ತು ಸಾವಿರ ಅರಿಯಾರಿ,
ಅದು ಯಾರು ಕೊಡ್ತೀರಿ?'