ಉಪ್ಪಿಲ್ಲದ ಚಿತ್ರ

ತಪ್ಪು ನನ್ನದೇ. ಮೊನ್ನೆಯ ನಿಧಾನ ಫಿಲ್ಮಿನ ಅಂಕಿ
ಇಪ್ಪತ್ತೈದರಲ್ಲೇ ಕೂತಿತ್ತು; ಒಳಗೆ ನಾನೂರರ ರೋಲು.
ಮೂವತ್ತಾರು ಸಲವೂ
ಹದಿನಾರು ಪಟ್ಟು ಬೆಳಕು ಕುಡಿಸಿದ್ದೇನೆ,
ಅದೂ ಉಯುನಿಯ ಉಪ್ಪಿನ ಬಯಲಲ್ಲಿ,
ಕಪ್ಪು ಕನ್ನಡಕ ಮರೆತವನ ಕಣ್ಣನ್ನು
ಮಧ್ಯಾಹ್ನವೇ ತಿಂದುಹಾಕುವಲ್ಲಿ.

ಗೊತ್ತಾದದ್ದು ರಾತ್ರಿ, ರೋಲು ಬಿಚ್ಚುವ ಮುಂಚೆ.
ಮದುವೆ ಇನ್ನೊಮ್ಮೆ ಆಗುವುದಿಲ್ಲ.
ಶನಿವಾರ ಹತ್ತಕ್ಕೆ ಬರುತ್ತೇನೆಂದಿದ್ದಾನೆ ಎವಾರಿಸ್ತೊ ಚೋಕೆ.
ಮುಂಗಡ ಅರ್ಧ ಹಣ, ಅರ್ಧ ಉಪ್ಪಿನ ಇಟ್ಟಿಗೆ.
ಇಟ್ಟಿಗೆಗಳು ಬಾಗಿಲ ಬಳಿ ಸಾಲಾಗಿ ಕೂತು
ನನ್ನನ್ನೇ ನೋಡುತ್ತಿವೆ.

ಡೆವಲಪರನ್ನು ತೆಳುವಾಗಿ ಕಲಸಿದೆ.
ಚಳಿಗೆ ಕಲ್ಲಾಗಿದ್ದ ಸೀಸೆಯನ್ನು ಶಾಲಿನೊಳಗೆ
ಕೂಸಿನಂತೆ ಅವಚಿಕೊಂಡು ಕೂತೆ.
ಈ ನೀರಿಗೆ ಹದಿನೈದು ನಿಮಿಷ ಬೇಕು; ಒಂಬತ್ತು ಸಾಕೆಂದುಕೊಂಡೆ.
ಡಬ್ಬಿಯನ್ನು ನಿಮಿಷಕ್ಕೊಮ್ಮೆ ಮಾತ್ರ ಮಗುಚಿದೆ,
ನಿದ್ದೆಹೋದವರ ಮಗ್ಗುಲು ಬದಲಿಸುವ ಹಾಗೆ.
ನಡುವೆ ಗೂಡ್ಸು ರೈಲು ಕೂಗಿ ಲೆಕ್ಕ ತಪ್ಪಿತು.
ಎಂಟೋ ಒಂಬತ್ತೋ, ವಿನೆಗರ್ ಸುರಿದುಬಿಟ್ಟೆ.

ತೊಳೆದು ಬಲ್ಬಿಗೆ ಹಿಡಿದರೆ ಇದ್ದಿಲು.
ಬೆಳಕು ಹೆಚ್ಚಾದರೆ ಫಿಲ್ಮು ಕಪ್ಪಾಗುತ್ತದೆ:
ಕಲಿತು ಮೂವತ್ತು ವರ್ಷ, ಇನ್ನೂ ಒಗ್ಗಿಲ್ಲ ನನಗೆ.
ಉಪ್ಪೆಲ್ಲ ಡಾಂಬರು. ಆಕಾಶ ಡಾಂಬರು.
ಮದುಮಗಳ ಲಂಗ ಅದರಲ್ಲೇ ಹೂತುಹೋಗಿದೆ.
ಅಲ್ಲೊಂದು ಇಲ್ಲೊಂದು, ಟೋಪಿಯಂಚಿನ ಕೆಳಗೆ,
ಉಗುರಿನಷ್ಟು ಬೂದು.

ಆ ಉಗುರಿಗೇ ಜೋತುಬಿದ್ದೆ.
ಹನ್ನೆರಡು ಸೆಕೆಂಡಿನ ಕೆಲಸಕ್ಕೆ ನಾಲ್ಕು ನಿಮಿಷ;
ಎನ್‌ಲಾರ್ಜರ್ ಕಾದು ಧೂಳು ಸುಟ್ಟ ವಾಸನೆ.
ಕಾಗದ ತಟ್ಟೆಗಿಳಿಸಿದೆ. ಕೆಂಪು ಬೆಳಕು. ಏನಿಲ್ಲ.
ಏನಿಲ್ಲ.
ಆಮೇಲೆ ಎರಡು ಹುಬ್ಬು.

ಬೇರೆ ದಿನವಾದರೆ ಟೋಪಿಯ ನೆರಳು ನುಂಗುತ್ತಿದ್ದ ಮುಖಗಳು:
ಅತ್ತೆಯ ಚಿನ್ನದ ಹಲ್ಲು,
ನಿಕೊಲಾಸಾಳ ಕಣ್ಣ ಕೆಳಗಿನ ಹಳೆಯ ಗಾಯದ ಗೆರೆ,
ಎವಾರಿಸ್ತೊನ ಒಡೆದ ತುಟಿ.
ಸುತ್ತ ನೆಲವಿಲ್ಲ, ದಿಗಂತವಿಲ್ಲ.
ಹನ್ನೊಂದು ಜನ ಬರಿ ಕಾಗದದ ಮೇಲೆ
ಹಾಗೇ ನಿಂತಿದ್ದಾರೆ.

ಶನಿವಾರಕ್ಕೆ ಕ್ಷಮೆಯ ಮಾತು ಬಾಯಿಪಾಠ ಮಾಡಿದ್ದೆ.
ಅವನು ಬಹಳ ಹೊತ್ತು ನೋಡಿದ.
ಒಂಬತ್ತನೆಯ ವಯಸ್ಸಿಂದ ಕೊಡಲಿ ಹಿಡಿದು ಉಪ್ಪು ಕಡಿಯುವವನು,
ಹಗಲೆಲ್ಲ ಮುಖಕ್ಕೆ ಬಟ್ಟೆ ಸುತ್ತಿಕೊಂಡೇ ಇರುವವನು,
ಬೆರಳಿಂದ ಆ ಬಿಳಿಯನ್ನು ಸವರಿದ.
"ಉಪ್ಪೆಲ್ಲಿ, ದೋನ್ಯಾ ರುಫಿನಾ?"
"ಹೋಯಿತು. ನನ್ನದೇ ತಪ್ಪು."
"ಎಲ್ಲವೂ?"
"ಎಲ್ಲವೂ."
ಹೊರಗೆ ನಿಂತಿದ್ದ ನಿಕೊಲಾಸಾಳನ್ನು ಕೂಗಿ ಕರೆದ:
"ಬಾ ಇಲ್ಲಿ, ನೋಡು. ಒಂದು ದಿನ ರಜಾ!"

ಇನ್ನೆರಡು ಪ್ರತಿ ಬೇಕಂತೆ.
ಒಂದೊಂದಕ್ಕೆ ನಾಲ್ಕು ನಿಮಿಷ.
ರೈಲು ಬರುವ ಮುಂಚೆ ಎಣಿಸಿ ಮುಗಿಸಬೇಕು.