ಪಾಟೀಸವಾಲು ಇಲ್ಲ

ನೋಟೀಸು ಬಂದದ್ದು ಬುಧವಾರ, ರಿಜಿಸ್ಟರ್ಡ್ ಅಂಚೆ.
ಸಹಿ ಹಾಕಿ ತೆಗೆದುಕೊಂಡೆ; ಕೈ ನಡುಗಲಿಲ್ಲ,
ಹದಿನೆಂಟು ವರ್ಷ ಕಂಡವರಿಗೆಲ್ಲ ನೋಟೀಸು ಕೊಟ್ಟ ಕೈ.
ಶಿಸ್ತು ಸಮಿತಿಗೆ ಬರೆದು ಕಳಿಸಿದ್ದು ಬೇರೆ.
ಇದು ಕಳಿಸದೆ ಉಳಿದದ್ದು.

ಹೆಸರು ಹುಚ್ರಾಯಪ್ಪ. ಶಿಕಾರಿಪುರದ ಕಡೆಯವನು,
ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ ತೂಕ ಹಾಕುವ ಕೆಲಸ.
ತಾಮ್ರದ ತಂತಿ ಕದ್ದ, ತಡೆದ ಕಾವಲುಗಾರನ
ತಲೆ ಒಡೆದ ಎಂದು ಕೇಸು.
ವಕೀಲರನ್ನಿಡಲು ಶಕ್ತಿಯಿಲ್ಲ ಅಂದ. ಜಡ್ಜ್ ಸಾಹೇಬರು
ಕಾನೂನು ನೆರವಿನ ಪಟ್ಟಿಯ ಮೇಲೆ ಬೆರಳಾಡಿಸಿದರು;
ಬೆರಳು ನಿಂತಲ್ಲಿ ನಾನಿದ್ದೆ.

ಮೆಟ್ಟಿಲ ಬಳಿ, ಪೊಲೀಸನ ಹಿಡಿತದಿಂದ ಒಂದು ಕೈ ಬಿಡಿಸಿಕೊಂಡು
ಚೀಟಿ ಕೊಟ್ಟ. ಮೆಗ್ಗಾನ್ ಆಸ್ಪತ್ರೆಯದು.
'ಆವತ್ತು ರಾತ್ರಿ ಅಲ್ಲೇ ಇದ್ನಲ್ಲ ಸ್ವಾಮಿ, ಬೆಳಗಾಗೋ ತಂಕ.
ಮಗಳಿಗೆ ಉಬ್ಸ. ನರ್ಸಮ್ಮ ಬೈದ್ಲು ಕೂಡ.'
ನೋಡೋಣ ಅಂದೆ.
ವಕೀಲರ ಬಾಯಲ್ಲಿ 'ನೋಡೋಣ' ಅಂದರೆ ಏನೆಂದು
ಅವನಿಗೆ ಆಗ ಗೊತ್ತಿರಲಿಲ್ಲ.

ಚೀಟಿ ಕೋಟಿನ ಒಳಜೇಬು ಸೇರಿತು,
ಕೋಟು ದುರ್ಗಿಗುಡಿಯ ಲಾಂಡ್ರಿ ಸೇರಿತು.
ಮರಳಿ ಬಂದಾಗ ಬೆರಳಿಗೆ ಹತ್ತಿದ್ದು
ಒಂದಿಷ್ಟು ಬಿಳಿ ಹಿಟ್ಟು.

ಸೋಗಾನೆ ಜೈಲೇನು ದೂರವಲ್ಲ, ಬಸ್ಸು ಹೋಗುತ್ತದೆ.
ನಾನು ಹೋಗಲಿಲ್ಲ. ಅವನ ತಂಗಿ ಚೌಡಮ್ಮ
ಕಚೇರಿಯ ಹೊರಗೆ ಚಪ್ಪಲಿ ಬಿಟ್ಟು ಕೂರುವಳು;
ಹಿಂಬಾಗಿಲಿನಿಂದ ಬೈಕು ತಳ್ಳಿಕೊಂಡು ಹೋಗಿ
ತಿರುವಿನಾಚೆ ಸ್ಟಾರ್ಟ್ ಮಾಡುವೆನು.

ಒಂದನೇ ಸಾಕ್ಷಿ ಕಟಕಟೆ ಹತ್ತಿದ ದಿನ
ಭದ್ರಾವತಿಯಲ್ಲಿ ನನ್ನದೊಂದು ಪಾಲಿನ ದಾವೆ,
ಫೀಜು ಕೊಡುವ ಕಕ್ಷಿದಾರ, ಹನ್ನೊಂದರ ಬಸ್ಸು.
ಕಾವಲುಗಾರ ಹೇಳಿದ: ಕತ್ತಲಿತ್ತು, ಮುಖ ಗುರುತು ಸಿಕ್ಕಿತು.
ಕತ್ತಲೂ ಗುರುತೂ ಒಂದೇ ಉಸಿರಿನಲ್ಲಿ!
ನಿನ್ನೆ ಸನ್ನದು ಪಡೆದ ಹುಡುಗನೂ ಅಲ್ಲಿ ಬೆರಳಿಡುತ್ತಿದ್ದ.
ನಾನೆದ್ದೆ, ಗಡಿಯಾರ ನೋಡಿದೆ,
ಬೆರಳಚ್ಚುಗಾರ್ತಿ ಹೊಡೆದಳು: ಪಾಟೀಸವಾಲು — ಇಲ್ಲ.
ಎರಡನೆಯವನಿಗೂ. ಪಂಚನಿಗೂ. ತನಿಖಾಧಿಕಾರಿಗೂ.
ಕೊನೆಗೆ ಜಡ್ಜ್ ಕೇಳಿದರು, ನೀನು ಹೇಳುವುದೇನಾದರೂ ಇದೆಯಾ?
ಹುಚ್ರಾಯಪ್ಪ ನನ್ನ ಕಡೆ ನೋಡಿದ.
ನಾನು ಡೈರಿಯಲ್ಲಿ ಬೇರೆ ಯಾವುದೋ ವಾಯಿದೆ ಬರೆಯುತ್ತಿದ್ದೆ.

ಏಳು ವರ್ಷ.
ನನ್ನ ಬಿಲ್ಲು ಮರುದಿನವೇ ಪ್ರಾಧಿಕಾರಕ್ಕೆ ಹೋಯಿತು,
ಹಾಜರಾದ ದಿನಗಳ ಲೆಕ್ಕ ಸಮೇತ, ಒಂದು ತಪ್ಪಿಲ್ಲದೆ.

ಹೈಕೋರ್ಟು ಶಿಕ್ಷೆ ಕಿತ್ತುಹಾಕಿ, ಮತ್ತೆ ವಿಚಾರಿಸಿ ಎಂದು ಕಳಿಸಿ
ಒಂದು ಸಾಲು ಬರೆಯಿತು: ಆರೋಪಿಗೆ ವಕೀಲರಿದ್ದರೆಂಬುದು
ಬರೀ ಕಾಗದದ ಮಾತು.
ಅಷ್ಟರಲ್ಲಿ ಅವನು ಒಳಗೆ ಮೂರು ವರ್ಷ ಎರಡು ತಿಂಗಳು.
ಆ ಸಾಲಿನ ನಕಲು ಲಗತ್ತಿಸಿ ಚೌಡಮ್ಮ
ಪರಿಷತ್ತಿಗೆ ದೂರು ಬರೆಸಿದಳು.

ಈಗ ನನಗೊಬ್ಬ ವಕೀಲರು ಬೇಕಾಯಿತು. ಗೆಳೆಯರೆಲ್ಲ ನೋಡೋಣ ಅಂದರು.
ಒಪ್ಪಿದವಳು ನಫೀಸಾ, ಸನ್ನದಿಗೆ ನಾಲ್ಕೇ ವರ್ಷ.
ಕಡತ ಎರಡು ಸಲ ಓದಿದಳು, ಅಂಚಿನಲ್ಲೆಲ್ಲ ಪೆನ್ಸಿಲಿನ ಗೀಟು.
ಕರೆಯದೆಯೇ ಮನೆಗೆ ಬಂದಳು.
ಆ ದಿನ ಎಲ್ಲಿದ್ದಿರಿ ಸರ್? ಎಷ್ಟು ಗಂಟೆಗೆ?
ನಿಮ್ಮ ಪರವಾಗಿ ಹೇಳಲಿಕ್ಕೆ ಏನಾದರೂ ಬೇಕಲ್ಲ, ನೆನಪಿಸಿಕೊಳ್ಳಿ.
ನಲವತ್ತೊಂದು ಪ್ರಶ್ನೆ.
ಬೈಯಲಿಲ್ಲ. ಬೈದಿದ್ದರೆ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಸಂಜೆ ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು.
ಆಸ್ಪತ್ರೆಯ ದಾಖಲೆ ಕೋಣೆಯ ನಕಲು: ಮಗುವಿನ ಹೆಸರು, ಉಬ್ಬಸ,
ರಾತ್ರಿ ಹನ್ನೊಂದು ನಲವತ್ತು. ಕರೆತಂದವರು — ತಂದೆ.
'ಅರ್ಜಿಗೆ ಇಪ್ಪತ್ತು ರೂಪಾಯಿ ಸರ್, ಅರ್ಧ ಗಂಟೆ ಕಾಯಿಸಿದರು.
ನಿಮಗಿದು ವಿರುದ್ಧ. ನಿಮ್ಮ ವಕೀಲೆ ನಾನು, ಹೊರಗೆ ಕೊಡುವಂತಿಲ್ಲ.
ಕೊಡುವುದಾದರೆ ನೀವು.'

ಒಂದು ವರ್ಷ ಸನ್ನದು ಅಮಾನತು. ಕಡಿಮೆಯಾಯಿತು ಅಂದರು ಕೆಲವರು.
ಹೆಂಡತಿ ಏನೂ ಅನ್ನದೆ ಕೋಟನ್ನು ಗೂಟಕ್ಕೆ ಹಾಕಿದಳು.

ಇವತ್ತು ಸೋಮವಾರ, ಮರುವಿಚಾರಣೆ.
ಹಾಳೆ ಅಂಗಿಯ ಜೇಬಿನಲ್ಲಿ. ತುಂಗೆಯ ಸೇತುವೆ ಮೇಲೆ
ಎರಡು ಸಲ ನಿಂತು ಮುಟ್ಟಿ ನೋಡಿಕೊಂಡೆ.
ವಕೀಲರ ಸಾಲಿನಲ್ಲಿ ನನಗೀಗ ಕುರ್ಚಿಯಿಲ್ಲ.
ಹಿಂದಿನ ಬೆಂಚಿನ ತುದಿಯಲ್ಲಿ ಚೌಡಮ್ಮ
ಸೆರಗೆಳೆದುಕೊಂಡು ಸರಿದಳು,
ಜಾಗ ಬಿಡಲಿಕ್ಕೋ, ದೂರವಾಗಲಿಕ್ಕೋ.
ಕೂತೆ.