ಇಂಚು, ಸೆಂಟು

ಸುಂಟಿಕೊಪ್ಪದಲ್ಲಿ, ಕರಿಮೆಣಸಿನ ಮಂಡಿಯ ಮೇಲಿನ ಕೋಣೆಯಲ್ಲಿ
ಕೂತು ಮಳೆ ಟೈಪು ಮಾಡುತ್ತೇನೆ.
ಮಾದಾಪುರದಾಚೆಯ ಎಸ್ಟೇಟಿನ ರೈಟರ್
ಬೀರಾನಿಕ್ಕ ಬರೆದಿಟ್ಟ ಮಳೆ:
ನಲವತ್ತೊಂದು ಪುಸ್ತಕ, ದಿನಕ್ಕೊಂದು ಸಾಲು,
ಇಂಚಿಗೆ ನೀಲಿ ಶಾಯಿ, ಸೆಂಟಿಗೆ ಕೆಂಪು.
ಕೆಳಗೆ ಮೂಟೆ ಉರುಳಿದಾಗೆಲ್ಲ
ನನಗೊಂದು ಸೀನು, ಪುಟಕ್ಕೊಂದು ತಪ್ಪಕ್ಷರ.

ಪರದೆಯನ್ನು ಅಡ್ಡಕ್ಕೆ ಸೀಳಿಕೊಂಡಿದ್ದೇನೆ.
ಮೇಲೆ ಎಡಿಟರು. ಕೆಳಗೆ, ಅದರ ಹೊಟ್ಟೆಯೊಳಗೇ,
ನಾಲ್ಕು ಬೆರಳಗಲದ ಕರಿ ಟರ್ಮಿನಲ್.
ಮೇಲೆ ಬರೆ, ಅಳಿಸು, ಮತ್ತೆ ಬರೆ,
ಯಾರೂ ಕೇಳುವುದಿಲ್ಲ.
ಕೆಳಗೆ ಹಾಗಲ್ಲ. ಎಂಟರ್ ಒತ್ತಿದೆಯೋ,
ಆಡಿದ ಮಾತು, ಒಡೆದ ಮುತ್ತು.

ಒಂದೇ ಕೀಲಿಮಣೆ, ಇಬ್ಬರು ಯಜಮಾನರು.
ಬೆರಳು ಈಗ ಯಾರ ಮನೆಯಲ್ಲಿದೆಯೆಂದು
ಮೊದಮೊದಲು ನನಗೇ ತಿಳಿಯುತ್ತಿರಲಿಲ್ಲ.
ಎರಡು ಇಂಚು ಅರವತ್ತು ಸೆಂಟು ಎಂದು ಕೆಳಗೆ ಒತ್ತಿದರೆ
ಅಂಥ ಕಮಾಂಡೇ ಇಲ್ಲ ಎನ್ನುತ್ತಿತ್ತು.
ಕಮಾಂಡನ್ನು ಮೇಲೆ ಒತ್ತಿಬಿಟ್ಟರೆ
ಅದು ಸುಮ್ಮನೆ ಯಾವುದೋ ಜುಲೈ ಬೆಳಗಿನ ಪಕ್ಕ ನಿಂತು
ನೆನೆಯುತ್ತಿತ್ತು.
ಎಸ್ಕೇಪ್ ಒತ್ತಿದರೆ
ಎಸ್ಕೇಪನ್ನೂ ನುಂಗಿ ಕೂರುತ್ತಿತ್ತು ಟರ್ಮಿನಲ್.
ಹೊರಬರುವುದಕ್ಕೆ ಬೇರೆಯೇ ಜೋಡಿ ಕೀಲಿ:
ಮಂಡಿಯ ಲೆಕ್ಕದ ಹುಡುಗ ಬೆಳ್ಯಪ್ಪ
ತೂಕದ ಚೀಟಿಯ ಹಿಂದೆ ಬರೆದುಕೊಟ್ಟ.
ಇನ್ನೂ ಮಾನಿಟರಿಗೆ ಅಂಟಿಕೊಂಡಿದೆ, ಒಂದು ಮೂಲೆ ಸುರುಳಿಯಾಗಿ.

ಆ ಜೋಡಿ ಒತ್ತಿದೊಡನೆ
ಕೆಳಗೆ ನಡೆದದ್ದೆಲ್ಲ ಗಪ್ಪೆಂದು ಬರಹವಾಗುತ್ತದೆ.
ಕರ್ಸರ್ ಹಿಡಿದು ಹಿಂದಕ್ಕೆ ನಡೆಯಬಹುದು:
ನಾನು ಕೇಳಿದ್ದು, ಅದು ಹೇಳಿದ್ದು, ಬೈದದ್ದು.
ಬೇಕಾದ್ದನ್ನು ಎತ್ತಿ ಮೇಲಿನ ಪುಟದಲ್ಲಿ ನೆಡಬಹುದು
ಮೆಣಸಿನ ಬಳ್ಳಿಯ ತುಂಡಿನಂತೆ.

ನಿನ್ನೆ, ಗುಡ್ಡ ಜಾರಿದ ವರ್ಷದ ಪುಸ್ತಕ.
ಮಾರ್ಚಿನ ಹೂಮಳೆ ಎಂಬತ್ತು ಸೆಂಟು,
ಪಕ್ಕದಲ್ಲಿ ಇಕ್ಕನ ಟಿಪ್ಪಣಿ: ಸಾಕು.
ಕಕ್ಕಡದ ಹದಿನೆಂಟಕ್ಕೆ ಐದು ಇಂಚು,
ಸಾಹುಕಾರರ ಮನೆಯಿಂದ ಮದ್ದುಸೊಪ್ಪಿನ ಪಾಯಸ ಬಂತು.
ಆಮೇಲೆ ಒಂಬತ್ತು. ಆಮೇಲೆ ಹನ್ನೊಂದು.
ಆಮೇಲೆ ಮೂರು ದಿನ
ತಾರೀಕು ಇದೆ, ಅಂಕಿ ಇಲ್ಲ.
ನಾಲ್ಕನೆಯ ದಿನ ಪೆನ್ಸಿಲಿನಲ್ಲಿ:
ಹಾಲಿನಪುಡಿ ಡಬ್ಬಿ, ಸುಮಾರು ಎರಡು.

ಕೆಳಗಿಳಿದು ತಿಂಗಳ ಸರಾಸರಿ ಕೇಳಿದೆ.
ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರ.
ಆಗಸ್ಟು, ಹಿಂದಿನ ವರ್ಷದಷ್ಟೇ, ಹೆಚ್ಚುಕಡಿಮೆ.

ಖಾಲಿಯನ್ನು ಅದು ಸೊನ್ನೆಯೆಂದು ಓದಿತ್ತು.
ಗುಡ್ಡ ಜಾರಿದ ಮೂರೂ ದಿನ
ಮಾದಾಪುರದಾಚೆ ಬಟ್ಟೆ ಒಣಹಾಕುವಂಥ ಬಿಸಿಲು.

ಕೊಂಡಂಗೇರಿಗೆ ಫೋನು ಮಾಡಿದೆ.
ಇಕ್ಕ, ಆ ಮೂರು ದಿನಕ್ಕೆ ಏನು ಹಾಕಲಿ?
ಆಚೆ ಕುಕ್ಕರ್ ಎರಡು ಸಲ ಕೂಗಿತು.
"ಮಳೆ ಅಳೆಯುವ ಡಬ್ಬಿಯೇ ಹೋಯಿತಲ್ಲ.
ಡಬ್ಬಿ ಕೂರಿಸಿದ್ದ ಕಲ್ಲೂ ಹೋಯಿತು.
ಕಲ್ಲು ಇದ್ದ ಜಾಗ, ಮುನ್ನೂರು ಬುಡ ರೊಬಸ್ಟಾ,
ಎಲ್ಲ ಒಟ್ಟಿಗೆ.
ನಾನು ಪುಸ್ತಕ ಅಂಗಿಯೊಳಗೆ ಹಾಕಿಕೊಂಡು ಓಡಿದೆ.
ತಾರೀಕು ಬರೆದದ್ದು ಶಾಲೆಯ ಶಿಬಿರದಲ್ಲಿ.
ಕೈಗೆ ಅಭ್ಯಾಸ, ಏನು ಮಾಡುವುದು."
ಫೋನು ಇಟ್ಟರೆಂದುಕೊಂಡೆ. ಇಟ್ಟಿರಲಿಲ್ಲ.
"ಸೊನ್ನೆ ಮಾತ್ರ ಹಾಕಬೇಡ, ಆಯಿತಾ?"

ಹಾಕಲಿಲ್ಲ.
ಮೇಲಿನ ಪುಟದಲ್ಲಿ ಮೂರು ಸಾಲಿಗೂ ಒಂದೊಂದು ಅಡ್ಡಗೆರೆ.
ಕೆಳಗೆ ಕಮಾಂಡಿನಲ್ಲಿ ಅರ್ಧ ಸಾಲು ತಿದ್ದಿದೆ:
ಗೆರೆ ಕಂಡರೆ ಕೂಡಬೇಡ, ಭಾಗಿಸಬೇಡ,
ಎಷ್ಟು ಗೆರೆಯೆಂದು ಮಾತ್ರ ಹೇಳು.
ಎಂಟರ್.
ಅಂಕಿಯ ಪಕ್ಕದಲ್ಲಿ ಈ ಸಲ
ಮೂರು ದಿನ ತಿಳಿಯದು ಎಂದು ಬಂತು.
ನಾನೇ ಹೇಳಿಕೊಟ್ಟ ಮಾತು. ಆದರೂ
ಬೇರೆ ಯಾರೋ ಹೇಳಿದ ಹಾಗೆ ಎರಡು ಸಲ ಓದಿದೆ.

ಆ ಜುಲೈ ಬೆಳಗಿನ ಪಕ್ಕ ನೆನೆಯುತ್ತಿರುವ ಕಮಾಂಡು
ಇನ್ನೂ ಅಲ್ಲೇ ಇದೆ, ಯಾವ ವರ್ಷದ್ದೋ ಹುಡುಕಬೇಕು.
ಕೆಳಗೆ ಮೂಟೆ ಉರುಳುತ್ತಿದೆ.
ಮೂಗು ಹಿಡಿದುಕೊಂಡಿದ್ದೇನೆ.